ಹಂದಿಗೂದಲ ಬ್ರಷ್ಷೂ, ಒಂದೇ ದಿನದ ತೀರ್ಪುಗಾರರೂ

ಹಂದಿಗೂದಲಿನ ಶೇವಿಂಗ್ ಬ್ರಷ್ ಬಗ್ಗೆ ಆನ್‌ಲೈನ್ ಅಂಗಡಿಗಳಲ್ಲಿ ಕೊಂಡವರು ಬರೆದಿರೋದನ್ನ ಯಾವತ್ತಾದ್ರೂ ಓದಿದ್ದೀರಾ? ಬಿಡುವಿದ್ದಾಗ ಓದಿ, ಒಳ್ಳೆ ಮಜಾ ಇರುತ್ತೆ. ಒಂದು ನಕ್ಷತ್ರ ಕೊಟ್ಟು ಬೈದವರ ದೂರುಗಳು ಹೆಚ್ಚುಕಮ್ಮಿ ನಾಲ್ಕೇ ನಾಲ್ಕು. ನಾತ ಹೊಡೆಯುತ್ತೆ. ಕೂದಲು ಉದುರುತ್ತೆ. ಕೆನ್ನೆಗೆ ಚುಚ್ಚುತ್ತೆ. ನೊರೆ ಕಟ್ಟಿದ್ದು ನೋಡ್ತಾ ನೋಡ್ತಾ ಮಾಯ ಆಗುತ್ತೆ. ಕೊನೆಗೊಂದು ಷರಾ: ದುಡ್ಡು ದಂಡ, ವಾಪಸ್ ಕಳಿಸಿದೆ.

ನಾಲ್ಕು ದೂರೂ ನಿಜ. ಒಂದನ್ನೂ ನಾನು ಅಲ್ಲಗಳೆಯೋದಿಲ್ಲ. ನನ್ನ ತಕರಾರು ಇರೋದು ತಾರೀಖಿನ ಮೇಲೆ. ಬ್ರಷ್ ಮನೆಗೆ ಬಂದದ್ದು ಸೋಮವಾರ, ತೀರ್ಪು ಹೊರಬಿದ್ದದ್ದು ಮಂಗಳವಾರ! ಒಂದೇ ಒಂದು ಸಲ ಮುಖಕ್ಕೆ ಸೋಪು ಹಚ್ಚಿ, ವರ್ಷಗಟ್ಟಲೆ ಬಾಳೋ ಸಾಮಾನಿಗೆ ಗಲ್ಲುಶಿಕ್ಷೆ. ಇದು ಯಾವ ನ್ಯಾಯ ಸ್ವಾಮಿ?

ಮನೆಗೆ ಹೊಸ ಬೀಡಿನ ಕಾವಲಿ ತಂದ ದಿನ ಏನಾಗುತ್ತೆ ಅಂತ ಸ್ವಲ್ಪ ನೆನಪಿಸಿಕೊಳ್ಳಿ. ಮೊದಲನೇ ದೋಸೆ ಏಳೋದೇ ಇಲ್ಲ. ಎರಡನೆಯದು ಅರ್ಧ ಕಾವಲಿಗೆ, ಅರ್ಧ ತಟ್ಟೆಗೆ. ಆಗ ಯಾರಾದ್ರೂ ಅಮ್ಮಂದಿರು "ಕಾವಲಿ ಸರಿ ಇಲ್ಲ" ಅಂತ ಅಂಗಡಿಗೆ ಹೊತ್ತುಕೊಂಡು ಹೋಗ್ತಾರಾ? ಎಣ್ಣೆ ಸವರಿ, ಅರ್ಧ ಈರುಳ್ಳಿ ಹಿಡಿದು ಉಜ್ಜಿ, "ಇನ್ನೂ ಪಳಗಿಲ್ಲ ಕಣೋ, ತಡಿ" ಅಂತಾರೆ. ಕೆಟ್ಟಿದೆ ಅನ್ನೋದಿಲ್ಲ, ಪಳಗಿಲ್ಲ ಅಂತಾರೆ. ಎಷ್ಟು ಒಳ್ಳೆ ಮಾತು ನೋಡಿ. ಹೊಸ ಟವೆಲ್ ನೀರು ಹೀರೋದಿಲ್ಲ, ನಾಲ್ಕು ಸಲ ಒಗೆದ ಮೇಲೆ ಹೀರುತ್ತೆ. ಹೊಸ ಚಪ್ಪಲಿ ಕಚ್ಚುತ್ತೆ, ಕಚ್ಚೋದನ್ನ ಬಿಡುತ್ತೆ. ಗಂಜಿ ಹಾಕಿದ ಹೊಸ ಪಂಚೆ ಸೊಂಟದಲ್ಲಿ ನಿಲ್ಲೋದಿಲ್ಲ. ಇದನ್ನೆಲ್ಲ ಹುಟ್ಟಿದಾಗಿನಿಂದ ನೋಡಿಕೊಂಡು ಬಂದಿರೋ ಜನಾನೇ ಬ್ರಷ್ ವಿಷಯಕ್ಕೆ ಬಂದಾಗ ಮಾತ್ರ ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ ನ್ಯಾಯಾಧೀಶರಾಗಿಬಿಡ್ತಾರೆ.

ಹಂದಿಗೂದಲು ಹೇಗೆ ಕೆಲಸ ಮಾಡುತ್ತೆ ಅಂತ ತಿಳ್ಕೊಂಡ್ರೆ ನಾಲ್ಕೂ ದೂರಿಗೆ ಉತ್ತರ ಸಿಗುತ್ತೆ. ಈ ಬಿರುಗೂದಲು ಬುಡದಲ್ಲಿ ದಪ್ಪ, ತುದಿಗೆ ಹೋಗ್ತಾ ಹೋಗ್ತಾ ಸಣ್ಣ. ತುದಿಯಲ್ಲಿ ಎರಡೋ ಮೂರೋ ಕವಲು. ಎಣ್ಣೆ ಬಣ್ಣದಲ್ಲಿ ಚಿತ್ರ ಬರೆಯೋರು ಹಂದಿಗೂದಲಿನ ಬ್ರಷ್ಷನ್ನೇ ಕೇಳಿ ಕೊಳ್ಳೋದಕ್ಕೆ ಈ ಕವಲೂ ಒಂದು ಕಾರಣ, ಮಂದವಾದ ಬಣ್ಣವನ್ನ ಅದು ಹಿಡಿದಿಟ್ಟುಕೊಳ್ಳುತ್ತೆ. ಶೇವಿಂಗ್ ಬ್ರಷ್ಷಲ್ಲಿ ದಿನಾ ನೆನೆದು, ಸೋಪಿಗೆ ಉಜ್ಜಿ, ಮತ್ತೆ ಒಣಗಿ ಒಣಗಿ ತುದಿಗಳು ಇನ್ನಷ್ಟು ಸೀಳ್ತಾ ಹೋಗ್ತವೆ. ಬುಡದ ಬಿಗಿ ಹಾಗೇ ಉಳಿಯುತ್ತೆ, ತುದಿ ಮಾತ್ರ ಮೆತ್ತಗಾಗುತ್ತೆ. ಗಟ್ಟಿ ಸೋಪಿನಿಂದ ನೊರೆ ಎಬ್ಬಿಸೋಕೆ ಬುಡ ಬಿಗಿಯಾಗಿರಬೇಕು, ಕೆನ್ನೆಗೆ ತುದಿ ಮೆತ್ತಗಿರಬೇಕು. ಪಳಗಿದ ಹಂದಿಗೂದಲಲ್ಲಿ ಎರಡೂ ಸಿಗುತ್ತೆ. ಮೊದಲನೇ ದಿನ ಸಿಗೋದು ಬಿಗಿ ಮಾತ್ರ. ಅದಕ್ಕೇ ಚುಚ್ಚೋದು.

ನೊರೆ ಮಾಯ ಆಗೋದು ಯಾಕೆ? ಬ್ಯಾಡ್ಜರ್ ಅನ್ನೋ ಪ್ರಾಣಿಯ ಕೂದಲಿನ ದುಬಾರಿ ಬ್ರಷ್‌ಗಳಿವೆಯಲ್ಲ, ಅವು ನೀರನ್ನ ಹೆಚ್ಚಾಗಿ ಕೂದಲು ಕೂದಲಿನ ನಡುವೆ ಹಿಡಿಯುತ್ತವೆ. ಹಂದಿಗೂದಲು ಹಾಗಲ್ಲ, ನೀರನ್ನ ತಾನೇ ಕುಡಿಯುತ್ತೆ, ಕುಡಿದು ಮೆತ್ತಗಾಗುತ್ತೆ. ನೀವು ಒಣ ಬ್ರಷ್ಷನ್ನ ನಲ್ಲಿ ಕೆಳಗೆ ಒಂದು ಕ್ಷಣ ಹಿಡಿದು ಸೀದಾ ಸೋಪಿಗೆ ತಿಕ್ಕಿದ್ರೆ, ಅದು ನಿಮ್ಮ ನೊರೆಯಲ್ಲಿರೋ ನೀರನ್ನೇ ಕುಡಿದುಬಿಡುತ್ತೆ. ಉಗುರುಬೆಚ್ಚಗಿನ ನೀರಲ್ಲಿ ಮೂರು ನಿಮಿಷ ಮುಳುಗಿಸಿಡಿ, ದೂರು ಅರ್ಧಕ್ಕರ್ಧ ಅಲ್ಲೇ ಮುಗೀತು.

ಇದನ್ನ ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ ಅಂತ, ಕಳೆದ ಸಲ ಹೊಸ ಬ್ರಷ್ ತಂದಾಗ ಅಡುಗೆಮನೆ ಕ್ಯಾಲೆಂಡರಿನ ಮೇಲೇ ಗುರುತು ಹಾಕ್ತಾ ಬಂದೆ (ಹಾಲಿನ ಲೆಕ್ಕದ ಪಕ್ಕದಲ್ಲಿ, ಮನೆಯವಳ ಬೈಗುಳದ ಸಮೇತ :-) ). ಲೆಕ್ಕ ಹೀಗಿದೆ:

ಮೊದಲ ದಿನ – ಮಳೇಲಿ ನೆಂದ ಆಡಿನ ವಾಸನೆ. ಉದುರಿದ ಕೂದಲು ಏಳು. ನೊರೆ ಒಂದು ಸಲ ಹೆರೆಯೋಕೆ ಸಾಕಾಯ್ತು, ಎರಡನೇ ಸಲಕ್ಕೆ ಮತ್ತೆ ಸೋಪಿಗೆ ಹೋಗಬೇಕಾಯ್ತು.

ನಾಲ್ಕನೇ ದಿನ – ವಾಸನೆ ಇದೆ, ಆದ್ರೆ ಬ್ರಷ್ಷನ್ನ ಮೂಗಿಗೇ ಹಿಡಿದ್ರೆ ಮಾತ್ರ. ಉದುರಿದ್ದು ಎರಡು.

ಹತ್ತನೇ ದಿನ – ವಾಸನೆ ಇಲ್ಲ. ಉದುರಿದ್ದು ಸೊನ್ನೆ. ಚುಚ್ಚೋದು ಹಾಗೇ ಇದೆ.

ಹದಿನೆಂಟನೇ ದಿನ – ಭೂತಗನ್ನಡಿ ಹಿಡಿದು ನೋಡಿದ್ರೆ ತುದಿಗಳು ಕವಲೊಡೆದಿದ್ದು ಚೆನ್ನಾಗಿ ಕಾಣುತ್ತೆ. ಕೆನ್ನೆಗೆ ಗೊತ್ತಾಗ್ತಿದೆ.

ಮೂವತ್ತನೇ ದಿನ – ಒಂದೇ ಸಲ ಎಬ್ಬಿಸಿದ ನೊರೆ ಮೂರು ಸುತ್ತಿಗೂ ಬಂತು, ಇನ್ನೂ ಬ್ರಷ್ಷಲ್ಲಿ ಮಿಕ್ಕಿತ್ತು.

ಮಾಡಿದ್ದೇನು? ಹೆಚ್ಚಿಗೆ ಏನೂ ಇಲ್ಲ. ಮೊದಲ ಎರಡು ರಾತ್ರಿ ಸೋಪಿನ ನೊರೆ ಹಚ್ಚಿ ಹಾಗೇ ಬಿಟ್ಟು ಬೆಳಿಗ್ಗೆ ತೊಳೆದೆ. ಅಂಗೈ ಮೇಲೆ ಒಂದಷ್ಟು ಸಲ ಸುಮ್ನೆ ನೊರೆ ಎಬ್ಬಿಸಿದೆ. ಆಮೇಲೆ ದಿನಾ ನೆನೆಸೋದು, ಬಳಸೋದು, ನೀರು ಕೊಡವೋದು, ಗಾಳಿಯಾಡೋ ಕಡೆ ಇಡೋದು. ಈ ಕೊನೆಯದ್ದು ತುಂಬಾ ಮುಖ್ಯ. ಒಂದು ಸಲದಿಂದ ಇನ್ನೊಂದು ಸಲಕ್ಕೆ ಬ್ರಷ್ ಪೂರ್ತಿ ಒಣಗಬೇಕು. ಒದ್ದೆಯಾಗಿ ಡಬ್ಬಿಯೊಳಗೆ ಮುಚ್ಚಿಟ್ಟರೆ ನಾತ ಹೊಡೆಯದೆ ಇನ್ನೇನು ಮಲ್ಲಿಗೆ ಘಮ ಬರುತ್ತಾ?

ನಮ್ಮ ಕಟಿಂಗ್ ಶಾಪಿನವರು ನೈಲಾನ್ ಬ್ರಷ್ ಬಳಸ್ತಾರೆ, ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ ಅಂತ ಕೇಳೋರಿದ್ದಾರೆ. ಗೊತ್ತಿರೋದು ಅವರಿಗೇ. ಬೆಳಿಗ್ಗೆಯಿಂದ ರಾತ್ರಿವರೆಗೆ ಗಿರಾಕಿ ಮೇಲೆ ಗಿರಾಕಿ ಬರೋ ಅಂಗಡಿಯಲ್ಲಿ ಬ್ರಷ್‌ಗೆ ಒಣಗೋ ಪುರುಸೊತ್ತು ಎಲ್ಲಿದೆ? ಬಿಸಿನೀರಲ್ಲಿ ಅದ್ದಿ ಅದ್ದಿ ಬಳಸೋದಕ್ಕೆ ನೈಲಾನೇ ಸರಿ. ಆದ್ರೆ ನೀವು ಮಾಡಿಕೊಳ್ಳೋದು ದಿನಕ್ಕೊಂದೇ ಗಡ್ಡ. ಇಪ್ಪತ್ತಮೂರೂವರೆ ಗಂಟೆ ಆ ಬ್ರಷ್‌ಗೆ ಬೇರೆ ಕೆಲಸವೇ ಇಲ್ಲ, ಒಣಗಲಿ ಬಿಡಿ. ಇನ್ನು ಇಟಲಿ ಕಡೆ ಹೋದ್ರೆ ಕ್ಷೌರದಂಗಡಿಗಳಲ್ಲೇ ಹಂದಿಗೂದಲಿನ ಉದ್ದ ಬ್ರಷ್ ಬಳಸೋ ರೂಢಿ ಇದೆ. ಬೊಲೋನ್ಯಾದ ಒಮೇಗಾ ಕಂಪನಿ ಕ್ಷೌರಿಕರಿಗಾಗೇ ಅಂತ ಅಂಥ ಬ್ರಷ್‌ಗಳನ್ನ ಮಾಡುತ್ತೆ. ಪೋರ್ಚುಗಲ್ಲಿನ ಸೆಮೋಗ್ ಕೂಡ ಹಂದಿಗೂದಲಿಗೇ ಹೆಸರಾದದ್ದು. ಅಲ್ಲಿನ ಜನರ ಕೆನ್ನೆ ಏನು ಹುಣಸೆಮರದ ತೊಗಟೆಯಾ?

ಈಗ ಇನ್ನೊಂದು ಗುಂಪು. ಇವರು ಬ್ರಷ್ ವಾಪಸ್ ಕಳಿಸಲ್ಲ, ಆದ್ರೆ ಪಳಗಿಸೋದನ್ನೂ ಒಂದೇ ರಾತ್ರೀಲಿ ಮುಗಿಸಬೇಕು ಅಂತಾರೆ. ಕುದಿಯೋ ನೀರಿಗೆ ಹಾಕಿ, ಫ್ರೀಜರಿನಲ್ಲಿಡಿ, ಸ್ಯಾಂಡ್‌ಪೇಪರಿಗೆ ಉಜ್ಜಿ, ಹೀಗೆ ಒಬ್ಬೊಬ್ಬರದ್ದು ಒಂದೊಂದು ಔಷಧಿ. ಕುದಿಯೋ ನೀರಿಗೆ ಕೂದಲೂ ಹಾಳು, ಕೂದಲಿನ ಕಟ್ಟನ್ನ ಹಿಡಿಗೆ ಕೂರಿಸಿರೋ ಅಂಟೂ ಸಡಿಲ. ಸ್ಯಾಂಡ್‌ಪೇಪರಿಗೆ ಉಜ್ಜಿದ್ರೆ ತುದಿ ಕವಲೊಡೆಯಲ್ಲ, ಸವೆದು ಹೋಗುತ್ತೆ. ಮಾವಿನಕಾಯನ್ನ ಗುದ್ದಿ ಮೆತ್ತಗೆ ಮಾಡಿದ್ರೆ ಅದು ಹಣ್ಣಾಯ್ತು ಅಂತಲ್ಲ.

ಅಸಲಿಗೆ ನನ್ನ ಜಗಳ ಈ ಗಿರಾಕಿಗಳ ಜೊತೆಗಲ್ಲ. ಇವರಿಗೆ ಇಂಥ ಅಭ್ಯಾಸ ಹಿಡಿಸಿದ್ದು ಯಾರು ಅಂತ ನೋಡಿ. "ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ" ಅಂತ ಗಾದೆ ಇದೆಯಲ್ಲ, ಇವತ್ತಿನ ಗಡ್ಡದ ಸಾಮಾನೆಲ್ಲ ಆ ಗಾದೆ ನೋಡಿಯೇ ಮಾಡಿದ ಹಾಗಿದೆ. ಐದು ಬ್ಲೇಡಿನ ಕಾರ್ಟ್ರಿಡ್ಜ್ ಮೊದಲನೇ ದಿನ ಬೆಣ್ಣೆ ಸವರಿದ ಹಾಗೆ ಹೋಗುತ್ತೆ. ಎರಡನೇ ದಿನ ಅಷ್ಟಿಲ್ಲ. ವಾರ ಕಳೆಯೋ ಹೊತ್ತಿಗೆ ಎಳೆಯೋಕೆ ಶುರು. ಆಮೇಲೆ ಕಸದ ಬುಟ್ಟಿ, ಮತ್ತೆ ಅಂಗಡಿ. ಅದರ ಅತ್ಯುತ್ತಮ ದಿನವೇ ಮೊದಲನೇ ದಿನ; ಯಾಕಂದ್ರೆ ನಿಮ್ಮಿಂದ ದುಡ್ಡು ಕೀಳಬೇಕಾದ್ದು ಆ ದಿನದ ಬಲದ ಮೇಲೆ. ಇಂಥವನ್ನೇ ಕೊಂಡು ಕೊಂಡು ನಮಗೆ ಎಲ್ಲ ಸಾಮಾನೂ ಮೊದಲ ದಿನವೇ ತನ್ನ ಕೈಚಳಕ ತೋರಿಸಬೇಕು, ಆಮೇಲೆ ಕೆಡುತ್ತಾ ಹೋದ್ರೂ ಪರವಾಗಿಲ್ಲ ಅನ್ನೋ ಹಾಗಾಗಿದೆ. ಬಳಸ್ತಾ ಬಳಸ್ತಾ ಉತ್ತಮ ಆಗೋ ವಸ್ತು ಒಂದು ಕೈಗೆ ಬಂದ್ರೆ ಅದನ್ನ ಗುರುತಿಸೋಕೂ ಬರದ ಹಾಗಾಗಿದೆ. ಹೋಗ್ತಿರೋದು ಒಂದು ಬ್ರಷ್ ಅಲ್ಲ, ಆ ಗುರುತಿಸೋ ಕಣ್ಣು.

ಡಬ್ಬಿ ನೊರೆಯದ್ದೂ ಇದೇ ಕಥೆ. ಅಮೆರಿಕದಲ್ಲಿ 'ರೈಸ್' ಅನ್ನೋ ಹೆಸರಿನ ಮೊದಲ ಏರೋಸಾಲ್ ನೊರೆ ಬಂದದ್ದು 1949ರ ಸುಮಾರಿಗೆ. ಗುಂಡಿ ಒತ್ತಿದ್ರೆ ಅಂಗೈ ತುಂಬ ಬಿಳೀ ಗುಡ್ಡ. ನೋಡೋಕೆ ಚಂದ, ಒಳಗೆ ಮುಕ್ಕಾಲುಪಾಲು ಗಾಳಿ. ಗಡ್ಡದ ಕೂದಲಿಗೆ ಬೇಕಾದ್ದು ನೀರು ಕಣ್ರೀ, ಗುಡ್ಡ ಅಲ್ಲ. ಒಣ ಕೂದಲನ್ನ ಕತ್ತರಿಸೋಕೆ ಬೇಕಾದಷ್ಟು ಬಲ ನೆಂದ ಕೂದಲಿಗೆ ಬೇಡ. ಬೆಚ್ಚಗಿನ ನೀರು ತಾಗಿ ಎರಡು ಮೂರು ನಿಮಿಷ ಆದ್ರೆ ಗಡ್ಡ ಮೆತ್ತಗಾಗುತ್ತೆ. ಹಂದಿಯ ಕೂದಲೂ ಕೆರಾಟಿನ್, ನಮ್ಮ ಗಡ್ಡವೂ ಕೆರಾಟಿನ್. ಬ್ರಷ್ ನೆನೆಯೋಕೆ ಬೇಕಾದ ಮೂರು ನಿಮಿಷ, ಗಡ್ಡ ನೆನೆಯೋಕೆ ಬೇಕಾದ ಮೂರು ನಿಮಿಷ, ಎರಡೂ ಒಂದೇ ಮೂರು ನಿಮಿಷ! ಬ್ರಷ್ಷನ್ನ ಚೊಂಬಲ್ಲಿ ಹಾಕಿಟ್ಟು ಮುಖ ತೊಳ್ಕೊಳ್ಳಿ, ಅಷ್ಟೇ. ಈ ಮೂರು ನಿಮಿಷಾನೂ ಇಲ್ಲ ಅನ್ನೋರಿಗೆ ಬೆಳಿಗ್ಗೆ ಎದ್ದ ಕೂಡಲೇ ಫೋನ್ ನೋಡ್ತಾ ಎಷ್ಟು ಹೊತ್ತು ಕೂತಿದ್ರಿ ಅಂತ ನಾನು ಕೇಳೋದಿಲ್ಲ.

ಇನ್ನು ಶ್ರೀಮಂತ ಗುಂಪಿನ ಮಾತು. "ಹಂದಿಗೂದಲು ಬಡವರದ್ದು, ತಗೊಂಡ್ರೆ ಬ್ಯಾಡ್ಜರ್ ತಗೋಬೇಕು" ಅಂತ ಇವರ ಉಪದೇಶ. ಬ್ಯಾಡ್ಜರ್ ಮೊದಲ ದಿನದಿಂದಲೇ ಮೆತ್ತಗಿರುತ್ತೆ, ಒಪ್ಪಿದೆ. ಆದ್ರೆ ಆ ಕೂದಲು ಬರೋದು ಎಲ್ಲಿಂದ? ಬ್ರಿಟನ್ನಿನಲ್ಲಿ 1992ರ ಕಾಯ್ದೆಯಡಿ ಬ್ಯಾಡ್ಜರ್ ಸಂರಕ್ಷಿತ ಪ್ರಾಣಿ. ಹಾಗಾಗಿ ಬ್ರಷ್‌ಗೆ ಕೂದಲು ಮುಖ್ಯವಾಗಿ ಚೀನಾದಿಂದ ಬರುತ್ತೆ. ಅಲ್ಲಿ ಬ್ಯಾಡ್ಜರುಗಳನ್ನ ಪಂಜರದಲ್ಲಿಟ್ಟು ಕೊಲ್ಲೋ ಪರಿಯನ್ನ 2018ರಲ್ಲಿ ಪೇಟಾ ಏಷ್ಯಾ ಚಿತ್ರೀಕರಿಸಿ ಹೊರಗೆ ಹಾಕ್ತು. ಆಮೇಲೆ ಎಷ್ಟೋ ಕಂಪನಿಗಳು ಬ್ಯಾಡ್ಜರ್ ಬ್ರಷ್ ಮಾರೋದನ್ನೇ ಬಿಟ್ಟವು. ಹಂದಿಯನ್ನ ಯಾರೂ ಬ್ರಷ್‌ಗೋಸ್ಕರ ಕೊಲ್ಲೋದಿಲ್ಲ. ಮಾಂಸಕ್ಕೆ ಕಡಿದ ಮೇಲೆ ಕೂದಲು ಹೇಗೂ ಉಳಿಯುತ್ತೆ. ಹಾಗಿದ್ದೂ ಬ್ಯಾಡ್ಜರ್ ಅಂದ್ರೆ ರಾಜಗಾಂಭೀರ್ಯ, ಹಂದಿ ಅಂದ್ರೆ ಛೀ!

ಆ 'ಛೀ' ಎಲ್ಲಿಂದ ಬಂತು ಅಂತ ಒಂದು ಕ್ಷಣ ಯೋಚಿಸಿ. ನಮ್ಮ ದೇಶದಲ್ಲಿ ಹಂದಿ ಸಾಕೋರು, ಅದರ ಕೂದಲು ಕಿತ್ತು, ತೊಳೆದು, ಉದ್ದ ನೋಡಿ ವಿಂಗಡಿಸೋರು ಯಾರು? ಕಾನ್ಪುರ ಬ್ರಿಟಿಷರ ಕಾಲದಿಂದಲೂ ಹಂದಿಗೂದಲ ವ್ಯಾಪಾರಕ್ಕೆ ಹೆಸರಾದ ಊರು, ಆ ಕೆಲಸ ಮಾಡಿದ್ದು ಖಟಿಕ್ ಜನ. ನಮ್ಮಲ್ಲಿ ಹಂದಿ ಸಾಕಿಕೊಂಡು ಬಂದೋರು ಹಂದಿಜೋಗಿಗಳು, ಕೊರಮರು. ಇವರನ್ನ ಊರಾಚೆ ಇಟ್ಟ ಮೂಗೇ ಇವತ್ತು ಬ್ರಷ್ ಮುಂದೆ ಮುಚ್ಚಿಕೊಳ್ತಿರೋದು ಅಂದ್ರೆ ನಿಮಗೆ ಸಿಟ್ಟು ಬರಬಹುದು. ಬರಲಿ. ಹತ್ತು ದಿನಕ್ಕೆ ಹೋಗೋ ವಾಸನೆಯನ್ನ ಒಂದು ತಿಂಗಳಾದ್ಮೇಲೂ ಮೂಸೋರಿದ್ದಾರಲ್ಲ, ಅವರು ಮೂಸ್ತಿರೋದು ಬ್ರಷ್ಷನ್ನಲ್ಲ. ಇದೇ ಜನ ಮನೆಗೆ ಬಣ್ಣ ಹೊಡೆಸುವಾಗ ಪೇಂಟರ್ ಕೈಯಲ್ಲಿರೋದು ಯಾವ ಕೂದಲು ಅಂತ ಕೇಳಿದ್ದು ನಾನು ಕಂಡಿಲ್ಲ. 1938ರಲ್ಲಿ ನೈಲಾನ್ ಎಳೆಯ ಹಲ್ಲುಜ್ಜೋ ಬ್ರಷ್ ಮಾರುಕಟ್ಟೆಗೆ ಬರೋವರೆಗೆ ಯುರೋಪು, ಅಮೆರಿಕದ ಜನ ಬೆಳಗೆದ್ದು ಬಾಯಿಗಿಟ್ಟುಕೊಳ್ತಿದ್ದದ್ದೂ ಹೆಚ್ಚಾಗಿ ಹಂದಿಗೂದಲನ್ನೇ. ಎರಡನೇ ಮಹಾಯುದ್ಧದಲ್ಲಿ ಚೀನಾದ ಕೂದಲು ಬರೋ ದಾರಿ ಜಪಾನಿನಿಂದ ಮುಚ್ಚಿಹೋದಾಗ, ಅಮೆರಿಕನ್ನರು ಹಿಮಾಲಯದ ಮೇಲಿಂದ ಅಸ್ಸಾಮಿಗೆ ವಾಪಸಾಗೋ ವಿಮಾನಗಳಲ್ಲಿ ಟಂಗ್‌ಸ್ಟನ್ ಜೊತೆಗೆ ಹಂದಿಗೂದಲನ್ನೂ ತುಂಬಿ ತಂದ್ರು. ಅಷ್ಟು ಬೆಲೆಯಿದ್ದ ಸಾಮಾನು ಇದು.

ಪ್ರಾಣಿಗಳ ಕೂದಲು ಅಂದ್ರೆ ರೋಗ ಅಂತ ಹೆದರಿಸೋರೂ ಉಂಟು. ಅದಕ್ಕೊಂದು ಇತಿಹಾಸ ಇದೆ, ಪೂರ್ತಿ ಹೇಳಬೇಕು. 1914–18ರ ಯುದ್ಧದ ಕಾಲದಲ್ಲಿ ಶೇವಿಂಗ್ ಬ್ರಷ್ಷಿನಿಂದ ಅಮೆರಿಕ ಮತ್ತು ಬ್ರಿಟನ್ನಿನ ನೂರಕ್ಕೂ ಹೆಚ್ಚು ಸೈನಿಕರಿಗೆ ಆಂಥ್ರಾಕ್ಸ್ ತಗುಲಿದ್ದು ನಿಜ. ಬ್ಯಾಡ್ಜರ್ ಕೂದಲು ಸಿಗದೆ ಹೋದಾಗ, ಸರಿಯಾಗಿ ಶುದ್ಧಿ ಮಾಡದ ಕುದುರೆ ಕೂದಲನ್ನ ಬ್ಯಾಡ್ಜರಿನಂತೆ ಕಾಣೋ ಹಾಗೆ ಮಾಡಿ ಬ್ರಷ್‌ಗೆ ಹಾಕಿದ್ದರು. 1920ರಲ್ಲಿ ಬ್ರಿಟನ್ ಜಪಾನಿನಿಂದ ಬರೋ ಶೇವಿಂಗ್ ಬ್ರಷ್‌ಗಳನ್ನೇ ನಿಷೇಧಿಸಿತು. ತಪ್ಪು ಇದ್ದದ್ದು ಶುದ್ಧಿ ಮಾಡದೆ ಮಾರಿದ್ದರಲ್ಲಿ. ಇದರಿಂದ ಕಲಿಯಬೇಕಾದ್ದು ಹೆಸರಿಲ್ಲದ, ಊರಿಲ್ಲದ ಬ್ರಷ್ ಕೊಳ್ಳಬೇಡಿ ಅಂತ.

ಹಾಗಂತ ಎಲ್ಲರೂ ಹಂದಿಗೂದಲನ್ನೇ ಕೊಳ್ಳಿ ಅಂತ ನಾನು ಡಂಗುರ ಹೊಡೀತಿಲ್ಲ. ಮುಸ್ಲಿಮರಿಗೆ ಬೇಡ, ಜೈನರಿಗೆ ಬೇಡ, ಪ್ರಾಣಿಯ ಯಾವ ವಸ್ತುವೂ ಬೇಡ ಅನ್ನೋ ಇನ್ನೆಷ್ಟೋ ಜನರಿಗೆ ಬೇಡ. ಅದು ಅವರ ಹಕ್ಕು, ಅದರಲ್ಲಿ ವಾದ ಮಾಡೋಕೆ ಏನೂ ಇಲ್ಲ. ಅವರಿಗೆ ಈಗ ಒಳ್ಳೊಳ್ಳೆ ಕೃತಕ ಎಳೆಯ ಬ್ರಷ್‌ಗಳಿವೆ. ದಿನಾ ಊರೂರು ತಿರುಗೋರಿಗೂ ಅದೇ ಸರಿ, ಬೇಗ ಒಣಗುತ್ತೆ. ಆದ್ರೆ ಆ ಹಕ್ಕು ಚಲಾಯಿಸೋಕೆ ಮೊದಲು ಗೊತ್ತಿರಬೇಕಲ್ಲ? ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಹುಡುಕೋ ದೇಶ ನಮ್ಮದು. ಬ್ರಷ್ ಪೊಟ್ಟಣದ ಮೇಲೆ ಮಾತ್ರ "ಅಸಲಿ ಬ್ರಿಸಲ್" ಅಂತ ಬರೆದು ಯಾವ ಪ್ರಾಣಿ ಅಂತ ನುಂಗಿಬಿಡ್ತಾರೆ. ಅಂಗಡಿಯವರೊಬ್ಬರನ್ನ ಕೇಳಿದ್ದಕ್ಕೆ "ಒಳ್ಳೇ ಕೂದಲು ಸಾರ್" ಅಂದ್ರು! ಅನುಮಾನ ಇದ್ರೆ ಉದುರಿದ ಒಂದು ಕೂದಲನ್ನ ಬೆಂಕಿಕಡ್ಡಿಗೆ ಹಿಡಿದು ನೋಡಿ. ಪ್ರಾಣಿಯ ಕೂದಲಾದ್ರೆ ಸುಟ್ಟ ಕೂದಲ ವಾಸನೆ ಬಂದು ಪುಡಿಯಾಗುತ್ತೆ. ನೈಲಾನ್ ಆದ್ರೆ ಕರಗಿ ಗಟ್ಟಿ ಮಣಿಯಾಗುತ್ತೆ. ಆದ್ರೆ ಇದು ಗಿರಾಕಿ ಮಾಡಬೇಕಾದ ಕೆಲಸ ಅಲ್ಲ, ಪೊಟ್ಟಣದ ಮೇಲೆ 'ಹಂದಿ' ಅಂತ ಎರಡಕ್ಷರ ಬರೆಯೋಕೆ ಏನು ರೋಗ? ಅದರ ಕೆಳಗೇ ಇನ್ನೊಂದು ಸಾಲು: "ಪಳಗಲು ಒಂದು ತಿಂಗಳು ಬೇಕು, ನೆನೆಸಿ ಬಳಸಿ." ಇಷ್ಟು ಬರೆದಿದ್ರೆ ಮೇಲಿನ ನಾಲ್ಕು ದೂರಲ್ಲಿ ಮೂರು ಹುಟ್ತಾನೇ ಇರಲಿಲ್ಲ. ಮಾರೋರು ಅದನ್ನ ಬರೆಯಲ್ಲ ಯಾಕೆ ಅಂದ್ರೆ, ಒಂದು ತಿಂಗಳು ಕಾಯಿರಿ ಅಂತ ಹೇಳೋ ಧೈರ್ಯ ಇವತ್ತು ಯಾವ ಅಂಗಡಿಗೂ ಇಲ್ಲ. ಕಾಯೋ ಗಿರಾಕಿ ಇದ್ದಾನೆ ಅನ್ನೋ ನಂಬಿಕೆಯೂ ಅವರಿಗಿಲ್ಲ.

ಆ ನಂಬಿಕೆ ಸುಳ್ಳು ಮಾಡಬೇಕಾದವರು ನಾವೇ. ನಿಮ್ಮ ಬಾತ್‌ರೂಮಿನ ಕಪಾಟಲ್ಲಿ ಎರಡು ಸಲ ಬಳಸಿ ಮೂಲೆಗೆ ಎಸೆದ ಹಂದಿಗೂದಲ ಬ್ರಷ್ ಇದ್ದರೆ ಈಚೆ ತೆಗೀರಿ. ಸೋಪು ಹಾಕಿ ತೊಳೀರಿ. ದಿನಾ ಮೂರು ನಿಮಿಷ ನೆನೆಸಿ, ಬಳಸಿ, ಒಣಗಿಸಿ. ಮೂವತ್ತು ದಿನ. ಆಮೇಲೂ ಚುಚ್ಚಿದ್ರೆ, ಆಮೇಲೂ ಉದುರ್ತಾ ಇದ್ರೆ ಅದು ನಿಜವಾಗ್ಲೂ ಕಳಪೆ ಮಾಲು. ಧಾರಾಳವಾಗಿ ಬೈಯಿರಿ, ಒಂದು ನಕ್ಷತ್ರಾನೂ ಜಾಸ್ತಿ ಅನ್ನಿ, ನಾನೂ ನಿಮ್ಮ ಜೊತೆ ಸೇರ್ತೀನಿ. ಮೂವತ್ತೊಂದನೇ ದಿನ ಬರೆದ ಬೈಗುಳಕ್ಕೆ ತೂಕ ಇರುತ್ತೆ. ಎರಡನೇ ದಿನದ್ದು ಬ್ರಷ್ ಬಗ್ಗೆ ಏನೂ ಹೇಳೋದಿಲ್ಲ, ಬರೆದವರ ತಾಳ್ಮೆ ಎಷ್ಟು ಅಂತ ಮಾತ್ರ ಹೇಳುತ್ತೆ.